ಕೌನ್ಸೆಲರ್‌ಗೆ ಕಲಿಸುವವರು ಯಾರು ಅಂತಲೂ ಕೇಳಿ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಶಿಕ್ಷಣ ಪುಟದಲ್ಲಿ ಒಬ್ಬ ತಂದೆ ಕೇಳಿದ್ದ ಪ್ರಶ್ನೆ ಓದಿದೆ. ಮಗಳಿಗೆ ಆಪ್ತ ಸಮಾಲೋಚಕಿ, ಅಂದರೆ ಕೌನ್ಸೆಲರ್ ಆಗುವ ಆಸೆ. ಆರು ವಾರದ ಸರ್ಟಿಫಿಕೇಟ್ ಕೋರ್ಸ್ ಸಾಕಲ್ವಾ, ಅದಕ್ಕೆ ಸ್ನಾತಕೋತ್ತರ ಪದವಿ ಯಾಕೆ ಬೇಕು ಅಂತ ಅವರು ಕೇಳಿದ್ದರು. ಆಸಕ್ತಿ ಇದ್ದರೆ ಯಾವುದಾದರೂ ಸರಿ ಎಂಬ ಉತ್ತರ ಅಚ್ಚಾಗಿತ್ತು. ಅದನ್ನು ಓದಿ ಸುಮ್ನೆ ಕೂರಲು ನನ್ನಿಂದ ಆಗಲಿಲ್ಲ.

ನಾನು ಅಮೆರಿಕದಲ್ಲಿ ಕೌನ್ಸೆಲಿಂಗ್ ಎಂ.ಎ. ಮಾಡಿದವಳು. ಮೊದಲ ವರ್ಷ ಒಳ್ಳೆ ಅಂಕ ಬಂತು. ಕೆಲಸ ಕೈಹತ್ತಿತು ಅಂದುಕೊಂಡಿದ್ದೆ. ಆಮೇಲೆ ಪ್ರಾಕ್ಟಿಕಮ್, ಅಂದರೆ ಗುರುಗಳ ಕಣ್ಗಾವಲಿನಲ್ಲಿ ಕೆಲಸ ಮಾಡುತ್ತಾ ಕಲಿಯುವ ತರಬೇತಿ, ಶುರುವಾಯಿತು. ಒಟ್ಟು 100 ಗಂಟೆ. ಅದರಲ್ಲಿ ಕನಿಷ್ಠ 40 ಗಂಟೆ, ನಿಜವಾಗಿ ಕಷ್ಟ ಹೇಳಿಕೊಳ್ಳಲು ಬಂದವರ ಎದುರು ಕೂರಬೇಕು. ಅವರ ಒಪ್ಪಿಗೆ ಪಡೆದು ಮಾತನ್ನು ರೆಕಾರ್ಡ್ ಮಾಡುತ್ತಿದ್ದೆವು. ವಾರಕ್ಕೊಮ್ಮೆ ನಮಗೆ ಕಲಿಸುವ ಮೇಡಂ ಜೊತೆಗೆ ಕೂತು ಅದನ್ನು ಕೇಳುತ್ತಿದ್ದರು.

ಒಮ್ಮೆ ಇಪ್ಪತ್ತು ನಿಮಿಷದ ಮಾತನ್ನು ಒಂದಕ್ಷರ ಬಿಡದೆ ಬರೆದು ತರಲು ಹೇಳಿದರು. ನಾನಾಡಿದ ಪ್ರತಿ ಮಾತಿನ ಪಕ್ಕದಲ್ಲೂ ಯಾಕೆ ಹಾಗೆ ಹೇಳಿದೆ ಅಂತ ಬರೆಯಬೇಕಿತ್ತು. ಒಂದು ಕಡೆ ಕಾರಣ ಹೊಳೆಯದೆ ಖಾಲಿ ಬಿಟ್ಟಿದ್ದೆ. ಮೇಡಂ ಉಳಿದದ್ದೆಲ್ಲ ಬಿಟ್ಟು ಅಲ್ಲಿಗೇ ಬೆರಳಿಟ್ಟರು. ರೆಕಾರ್ಡಿಂಗನ್ನು ಆ ಜಾಗಕ್ಕೆ ಓಡಿಸಿದರು.

ಬಂದವರು 'ಅವತ್ತು ರಾತ್ರಿ ನಾನು...' ಅಂತ ಶುರು ಮಾಡಿ ನಿಲ್ಲಿಸಿದ್ದಾರೆ. ಎರಡು ಸೆಕೆಂಡ್ ಕಳೆದಿಲ್ಲ, ಅಷ್ಟರಲ್ಲೇ ನನ್ನ ದನಿ: 'ಚಿಂತೆ ಮಾಡಬೇಡಿ, ಎಲ್ಲ ಸರಿಹೋಗುತ್ತೆ.' ಅವರು 'ಹೂಂ' ಅಂದು ಬೇರೆ ವಿಷಯಕ್ಕೆ ಹೋಗಿಬಿಟ್ಟಿದ್ದಾರೆ.

ಮೇಡಂ ಬೈಯಲಿಲ್ಲ. 'ಆಗ ನಿಮ್ಮೊಳಗೆ ಏನಾಗುತ್ತಿತ್ತು?' ಅಂತ ಕೇಳಿದರು. ನನಗೆ ಹೆದರಿಕೆ ಆಗಿತ್ತು. ಅವರೇನು ಹೇಳಿಬಿಡುತ್ತಾರೋ, ಅದನ್ನು ಕೇಳಿ ನಾನು ಹೇಗೆ ತಡೆದುಕೊಳ್ಳಲಿ ಎಂಬ ಹೆದರಿಕೆ. ಸಮಾಧಾನ ಹೇಳಿಕೊಂಡದ್ದು ನನಗೆ ನಾನೇ. ಅವರು ಆ ರಾತ್ರಿಯ ವಿಷಯ ಮತ್ತೆ ಎತ್ತಲು ಐದು ವಾರ ಹಿಡಿಯಿತು. ಅಷ್ಟು ಹೊತ್ತಿಗೆ ನಾನು ಬಾಯಿ ಮುಚ್ಚಿ ಕಾಯುವುದನ್ನು ಕಲಿತಿದ್ದೆ. ಅವರು ಏನು ಹೇಳಿದರು ಅಂತ ಇಲ್ಲಿ ಬರೆಯುವುದಿಲ್ಲ, ಅದು ಅವರದು.

ಈ ಪದ್ಧತಿ ಹಳೆಯದು. 1940ರ ಆಸುಪಾಸಿನಲ್ಲಿ ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಮತ್ತು ಅವರ ವಿದ್ಯಾರ್ಥಿಗಳು ಇಂಥ ಮಾತುಕತೆಗಳನ್ನು ಗ್ರಾಮಫೋನ್ ತಟ್ಟೆಗಳಲ್ಲಿ ಹಿಡಿದಿಟ್ಟು ಕೇಳುತ್ತಿದ್ದರು. 1942ರಲ್ಲಿ ರೋಜರ್ಸ್ ಒಬ್ಬರ ಜೊತೆಗಿನ ಎಂಟು ಭೇಟಿಗಳನ್ನು ಮಾತು ಬಿಡದೆ ಅಚ್ಚು ಹಾಕಿಸಿದರು. ಅದಕ್ಕೆ ಮೊದಲು ಸಾಮಾನ್ಯವಾಗಿ ವಿದ್ಯಾರ್ಥಿ ನೆನಪಿನಿಂದ ಹೇಳಿದ್ದನ್ನೇ ಗುರುಗಳು ನಂಬಬೇಕಿತ್ತು. ನನ್ನ ನೆನಪಿನಲ್ಲೂ ಆ ಭೇಟಿ ಚೆನ್ನಾಗಿಯೇ ನಡೆದಿತ್ತು!

ಪ್ರಾಕ್ಟಿಕಮ್ ಮುಗಿದ ಮೇಲೆ 600 ಗಂಟೆಯ ಇಂಟರ್ನ್‌ಶಿಪ್. ಅದರಲ್ಲಿ 240 ಗಂಟೆ ನೇರವಾಗಿ ಜನರ ಜೊತೆ. ಇದು ಕೇಕ್ರೆಪ್ ಎಂಬ ಸಂಸ್ಥೆಯ ಲೆಕ್ಕ. 1981ರಲ್ಲಿ ಶುರುವಾದ ಅದು ಅಮೆರಿಕದಲ್ಲಿ ಕೌನ್ಸೆಲಿಂಗ್ ಪದವಿಗಳಿಗೆ ಮಾನ್ಯತೆ ಕೊಡುತ್ತದೆ. ಅದರದೇ ಇನ್ನೊಂದು ನಿಯಮ ನನಗೆ ಜಾಸ್ತಿ ಇಷ್ಟ. ವಿದ್ಯಾರ್ಥಿಗಳು ಕನಿಷ್ಠ 10 ಗಂಟೆ ಒಂದು ಸಣ್ಣ ಗುಂಪಿನಲ್ಲಿ ತಾವೂ ಸದಸ್ಯರಾಗಿ ಕೂರಬೇಕು. ಬಾಯಿ ಬಿಟ್ಟು ಹೇಳಿಕೊಳ್ಳುವುದು ಎಷ್ಟು ಕಷ್ಟ ಅಂತ ನನಗೆ ತಿಳಿದದ್ದು ಅಲ್ಲೇ.

ಇನ್ನು, ಯಾರೂ ಕೇಳದ ಪ್ರಶ್ನೆಗೆ ಬರುತ್ತೇನೆ. ಆ ಮೇಡಂಗೆ ಖಾಲಿ ಜಾಗಕ್ಕೇ ಬೆರಳಿಡಲು ಯಾರು ಕಲಿಸಿದರು? ಅದಕ್ಕೂ ಒಂದು ಪಿಎಚ್‌ಡಿ ಇದೆ. ಪಾಠ ಮಾಡುವುದು, ಸೂಪರ್‌ವಿಷನ್ (ವಿದ್ಯಾರ್ಥಿ ನಡೆಸಿದ ಮಾತುಕತೆ ಕೇಳಿ ತಿದ್ದುವುದು) ಮಾಡುವುದು, ಸಂಶೋಧನೆ ಎಲ್ಲ ಅದರಲ್ಲಿ ಬರುತ್ತದೆ. ಮುಂದೆ ನಾನೂ ಅದನ್ನೇ ಓದಿದೆ. ನನ್ನ ಕೈಗೆ ಮೊದಲ ವಿದ್ಯಾರ್ಥಿನಿಯನ್ನು ಕೊಟ್ಟಾಗ ಅವಳ ತಪ್ಪು ನನಗೆ ತಕ್ಷಣ ಕೇಳಿಸಿತು. ಕೂಡಲೇ ಸರಿ ಉತ್ತರ ಹೇಳಿಬಿಟ್ಟೆ. ಅವಳು ಬರೆದುಕೊಂಡಳು. ಮುಂದಿನ ವಾರ ಅದೇ ತಪ್ಪು. ನಾವಿಬ್ಬರು ಮಾತಾಡಿದ್ದೂ ರೆಕಾರ್ಡ್ ಆಗಿತ್ತು, ಅದನ್ನು ನನ್ನ ಗುರುಗಳು ಕೇಳಿದರು. ನಾನು ಮತ್ತೆ ಯಾರದೋ ಮೌನಕ್ಕೆ ಅಡ್ಡ ಬಂದಿದ್ದೆ. ಒಳ್ಳೆ ಕೌನ್ಸೆಲರ್ ಆದವರೆಲ್ಲ ಒಳ್ಳೆ ಗುರು ಆಗುವುದಿಲ್ಲ, ಅದನ್ನು ಬೇರೆಯಾಗಿಯೇ ಕಲಿಯಬೇಕು.

ಕಲಿಸುವವರಿಗೆ ಇದಕ್ಕಿಂತ ಕಷ್ಟದ ಕೆಲಸವೂ ಒಂದಿದೆ. ನನ್ನ ಒಬ್ಬ ವಿದ್ಯಾರ್ಥಿಗೆ ತರಗತಿಯಲ್ಲೇ ಹೆಚ್ಚು ಅಂಕ. ಆದರೆ ಪೆಟ್ಟು ತಿಂದು ಬಂದವರಿಗೆಲ್ಲ 'ಕ್ಷಮಿಸಿಬಿಡಿ' ಅನ್ನುತ್ತಿದ್ದ. ತಿದ್ದಿದೆವು, ಸಮಯ ಕೊಟ್ಟೆವು. ಬದಲಾಗಲಿಲ್ಲ. ಕೊನೆಗೆ ಮುಂದಕ್ಕೆ ಬಿಡಲಿಲ್ಲ. ಅವನ ಎದುರು ಕೂತು ಅದನ್ನು ಹೇಳಿದ ದಿನ ನನಗೆ ನಿದ್ದೆ ಬರಲಿಲ್ಲ. ಹೇಳದೆ ಪಾಸು ಮಾಡಿದ್ದರೆ ಎಷ್ಟು ಜನ ಅವನ ಎದುರು ಕೂರುತ್ತಿದ್ದರೋ. ಆರು ವಾರದಲ್ಲಿ ಇದು ಯಾರ ಕಣ್ಣಿಗೆ ಬೀಳುತ್ತದೆ ಹೇಳಿ.

ಚಿಕ್ಕ ಕೋರ್ಸುಗಳು ಬೇಡ ಅನ್ನುತ್ತಿಲ್ಲ. ಶಿಕ್ಷಕರು, ನರ್ಸ್‌ಗಳು ಚೆನ್ನಾಗಿ ಕೇಳಿಸಿಕೊಳ್ಳುವುದನ್ನು ಕಲಿಯಲು ಅವು ಒಳ್ಳೆಯವೇ. ಬಾಗಿಲ ಮೇಲೆ ಆಪ್ತ ಸಮಾಲೋಚಕರು ಅಂತ ಬೋರ್ಡು ಹಾಕಲು ಅವು ಸಾಲವು.

ಆ ತಂದೆಗೆ ನೀವು ಇನ್ನೊಮ್ಮೆ ಉತ್ತರ ಬರೆಯಬೇಕು ಎಂದು ಕೇಳಿಕೊಳ್ಳುತ್ತೇನೆ. ಕೋರ್ಸಿಗೆ ಸೇರಿಸುವ ಮೊದಲು ಅವರು ಇಷ್ಟು ವಿಚಾರಿಸಲಿ. ಮಗಳು ಎಷ್ಟು ಗಂಟೆ ನಿಜವಾದ ಜನರ ಎದುರು ಕೂರುತ್ತಾಳೆ? ಅವಳ ರೆಕಾರ್ಡಿಂಗ್ ಕೇಳುವವರು ಯಾರು, ಅವರಿಗೆ ಸೂಪರ್‌ವಿಷನ್ ಕಲಿಸಿದವರು ಯಾರು? ಇನ್ನೂ ತಯಾರಾಗದ ವಿದ್ಯಾರ್ಥಿಯನ್ನು ಅವರು ಯಾವತ್ತಾದರೂ ತಡೆದಿದ್ದಾರಾ? ನೇರ ಉತ್ತರ ಸಿಗದಿದ್ದರೆ ಫೀಸ್ ಕಟ್ಟದೆ ವಾಪಸ್ ಬರಲಿ.

– ಒಬ್ಬ ಕೌನ್ಸೆಲಿಂಗ್ ಅಧ್ಯಾಪಕಿ