ಬಂಗಾರಪೇಟೆಯ ಎಲ್ಲರಿಗೂ, ನಿಮ್ಮ ಟೈಲರ್ ಅಕ್ಕನಿಂದ

ಎದೆ ಕ್ಯಾನ್ಸರಿನ ರೇಡಿಯೇಷನ್ ಮುಗಿಯಿತು. ಅಂಗಡಿ ಮತ್ತೆ ತೆಗೆದಿದ್ದೇನೆ. ಬಂದವರೆಲ್ಲ ಮೊದಲು ಮುಖ ನೋಡುತ್ತಾರೆ, ಆಮೇಲೆ ತಲೆ ನೋಡುತ್ತಾರೆ, ಆಮೇಲೆ "ಹೇಗಿದ್ದೀಯಕ್ಕ" ಅನ್ನುತ್ತಾರೆ. ಚೆನ್ನಾಗಿದ್ದೇನೆ. ಕೂದಲು ಬರುತ್ತಿದೆ, ಅದೂ ಗುಂಗುರಾಗಿ. ದಿನಕ್ಕೊಂದು ಟಮೋಕ್ಸಿಫೆನ್ ಅನ್ನುವ ಹಾರ್ಮೋನ್ ಮಾತ್ರೆ ಇದೆ, ಕನಿಷ್ಠ ಐದು ವರ್ಷ ನುಂಗಬೇಕು. ನನ್ನ ಸುದ್ದಿ ಇಷ್ಟೇ. ಉಳಿದದ್ದು ನಿಮ್ಮ ಸುದ್ದಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. "ಏನು ಬೇಕಾದ್ರೂ ಕೇಳಮ್ಮ" ಅಂದವರು ತುಂಬಾ ಜನ. ಅವರ ಮನಸ್ಸು ಒಳ್ಳೆಯದೇ. ಆದರೆ ಆಗ ಏನು ಬೇಕು ಅಂತ ನಮಗೇ ಗೊತ್ತಿರುವುದಿಲ್ಲ. ನನ್ನನ್ನು ದಡ ಸೇರಿಸಿದ್ದು, ಕೇಳದೇ ಒಂದೊಂದು ಕೆಲಸ ಎತ್ತಿಕೊಂಡವರು. ಈ ಕಾಗದ ಅವರಿಗೆ.

ನಮ್ಮ ಬೀದಿಯ ಆಶಾ ಕಾರ್ಯಕರ್ತೆಗೆ ಮೊದಲ ನಮಸ್ಕಾರ. 30 ದಾಟಿದವರ ಆರೋಗ್ಯ ತಪಾಸಣೆ ಫಾರಂ ತುಂಬಿಸಲು ಬಂದಿದ್ದಳು. "ಎದೆಯಲ್ಲಿ ಗಂಟು ಏನಾದ್ರೂ ಇದೆಯಾ" ಅಂತ ಕೇಳಿದಳು. "ಇದೆ, ಆದ್ರೆ ನೋವಿಲ್ಲ" ಅಂದೆ. ನೋವಿಲ್ಲ ಅಂದದ್ದಕ್ಕೇ ಅವಳ ಮುಖ ಬದಲಾಯಿತು; ಕ್ಯಾನ್ಸರ್ ಗಂಟು ಸಾಮಾನ್ಯವಾಗಿ ಮೊದಲು ನೋಯುವುದಿಲ್ಲ. ಮರುದಿನ ತಾನೇ ಬಂದು ಕರೆದುಕೊಂಡು ಹೋದಳು. ಮ್ಯಾಮೊಗ್ರಾಂ ಆಯಿತು, ಸೂಜಿ ಹಾಕಿ ಬಯಾಪ್ಸಿ ಆಯಿತು. ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ ಅಂತ ನಮ್ಮ ಕಡೆ ಹೇಳುತ್ತಾರೆ. ಹಾಗೇನಿಲ್ಲ. ಆ ಚೂರು ತೆಗೆದು ನೋಡದೆ ಯಾವ ಔಷಧಿ ಕೊಡಬೇಕು ಅಂತ ಡಾಕ್ಟರಿಗೂ ಗೊತ್ತಾಗುವುದಿಲ್ಲ.

ನಮ್ಮ ನಾದಿನಿಯ ಮಗ ಲ್ಯಾಬ್ ಟೆಕ್ನಿಷಿಯನ್. ರಿಪೋರ್ಟಿನಲ್ಲಿ ಇಆರ್, ಪಿಆರ್ (ಹಾರ್ಮೋನ್ ಹಿಡಿಯುವ ರಿಸೆಪ್ಟರ್‌ಗಳು) ಪಾಸಿಟಿವ್ ಅಂತಲೂ, ಹರ್-ಟು (ಕ್ಯಾನ್ಸರ್ ಕಣದ ಮೇಲಿನ ಒಂದು ಪ್ರೋಟೀನ್) ಮುಂದೆ 2+ ಅಂತಲೂ ಇತ್ತು. ಪಾಸಿಟಿವ್, ಪ್ಲಸ್ ಎಲ್ಲ ನೋಡಿ ನಮ್ಮೆಜಮಾನರು ಒಳ್ಳೆಯದೇ ಇರಬೇಕು ಅಂದುಕೊಂಡರು, ಪಾಪ. ಅವನು ಕೂತು ಬಿಡಿಸಿ ಹೇಳಿದ. ಮೊದಲ ಎರಡು ಪಾಸಿಟಿವ್ ಇದ್ದರೆ ಮುಂದೆ ಹಾರ್ಮೋನ್ ಮಾತ್ರೆ ಕೆಲಸ ಮಾಡುತ್ತದೆ. 2+ ಅಂದರೆ ಇನ್ನೂ ಖಚಿತ ಇಲ್ಲ, ಫಿಶ್ ಅಂತ ಇನ್ನೊಂದು ಪರೀಕ್ಷೆ ಆಗಬೇಕು. ಅದು ನೆಗೆಟಿವ್ ಬಂತು. ಬಯಾಪ್ಸಿ ಚೂರು ಇಟ್ಟಿರುವ ಮೇಣದ ಬ್ಲಾಕು, ಸ್ಲೈಡು ಲ್ಯಾಬಿನಿಂದ ಕೇಳಿ ತೆಗೆದುಕೊಂಡು ಹೋಗಬೇಕು ಅಂತ ಹೇಳಿದ್ದೂ ಅವನೇ. ಒಂದು ಫೈಲು ಮಾಡಿಕೊಟ್ಟ, ಪ್ರತಿ ಕಾಗದಕ್ಕೂ ಜೆರಾಕ್ಸ್ ಸಮೇತ.

ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋದ ಮೊದಲ ದಿನ ಆ ಜನ ನೋಡಿಯೇ ಕಾಲು ನಡುಗಿತು. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ನನ್ನ ಹೆಸರು ರೇಷನ್ ಕಾರ್ಡಿನಲ್ಲಿ ಒಂದು ಥರ, ಆಧಾರಿನಲ್ಲಿ ಇನ್ನೊಂದು ಥರ ಇತ್ತು. ಈ ಯೋಜನೆಗೆ ಸಹಾಯ ಮಾಡುವ ಆರೋಗ್ಯ ಮಿತ್ರ ಕೌಂಟರಿನ ಹುಡುಗ ಬೈಯಲಿಲ್ಲ, ನಾಳೆ ಬಾ ಅನ್ನಲಿಲ್ಲ. ಏನು ಮಾಡಬೇಕು ಅಂತ ಚೀಟಿಯಲ್ಲಿ ಬರೆದುಕೊಟ್ಟ. ಆ ಚೀಟಿ ಇನ್ನೂ ಇಟ್ಟುಕೊಂಡಿದ್ದೇನೆ.

ಕೀಮೋ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಮೊದಲು ಕೆಂಪು ಔಷಧಿ, 21 ದಿನಕ್ಕೊಮ್ಮೆ. "ಮೂತ್ರ ಕೆಂಪಗೆ ಬರುತ್ತೆ, ರಕ್ತ ಅಂತ ಹೆದರ್ಬೇಡಿ" ಅಂತ ಸಿಸ್ಟರ್ ಮೊದಲೇ ಹೇಳಿದ್ದರು. ಆ ಒಂದು ಮಾತು ನನ್ನ ಒಂದು ರಾತ್ರಿಯನ್ನು ಉಳಿಸಿತು. ಜ್ವರ 100.4 ದಾಟಿದರೆ ಬೆಳಗಾಗುವವರೆಗೆ ಕಾಯಬೇಡಿ ಅಂತಲೂ ಅವರೇ ಹೇಳಿದ್ದು. ಹಾಗೇ ಒಂದು ರಾತ್ರಿ ಜ್ವರ ಏರಿದಾಗ, ಸ್ಟೇಷನ್ ಸ್ಟ್ಯಾಂಡಿನ ಆಟೋ ಅಣ್ಣ ನಿದ್ದೆಯಿಂದ ಎದ್ದು ಬಂದು ಕೋಲಾರಕ್ಕೆ ಕರೆದುಕೊಂಡು ಹೋದರು. ಬಾಡಿಗೆ ಇವತ್ತಿಗೂ ಮುಟ್ಟಿಲ್ಲ. ಅಣ್ಣಾ, ನಿಮ್ಮ ಮಗಳ ಲಂಗ ದಾವಣಿ ನನ್ನದು, ನೆನಪಿರಲಿ.

ಒಗ್ಗರಣೆ ವಾಸನೆ ಬಂದರೆ ಸಾಕು, ಹೊಟ್ಟೆ ತೊಳೆಸುತ್ತಿತ್ತು. ಎದುರು ಮನೆ ಆಂಟಿ ಕೀಮೋ ವಾರದಲ್ಲಿ ನಮ್ಮ ಮನೆಯ ಒಗ್ಗರಣೆಯನ್ನೇ ತಮ್ಮ ಮನೆಗೆ ಸಾಗಿಸಿಬಿಟ್ಟರು. ಮುದ್ದೆ, ಬಸ್ಸಾರು ಅಲ್ಲಿಂದ ಬರುತ್ತಿತ್ತು. ನನಗೆ ಬೇರೆ ತೆಳ್ಳನೆ ರಾಗಿ ಗಂಜಿ.

ಕೂದಲು ಹೋದಾಗ ನಮ್ಮತ್ತೆ ಅಳಲಿಲ್ಲ. "ಯಾರಾದ್ರೂ ಕೇಳಿದ್ರೆ ತಿರುಪತಿಗೆ ಮುಡಿ ಕೊಟ್ಟೆ ಅನ್ನು, ಮುಗೀತು" ಅಂದರು. ನಮ್ಮ ಜಿಲ್ಲೆಯಲ್ಲಿ ಬೋಳು ತಲೆಗೆ ಇದಕ್ಕಿಂತ ಗೌರವದ ಕಾರಣ ಇಲ್ಲ, ಅಲ್ವಾ? ತೊಂದರೆ ಏನೆಂದರೆ ಎಲ್ಲರೂ ಲಡ್ಡು ಕೇಳತೊಡಗಿದರು.

ಲಕ್ಷ್ಮಣಫಲದ ಎಲೆ, ಕಷಾಯ, ಯಾವುದೋ ಪುಡಿ ತಂದುಕೊಟ್ಟ ನೆಂಟರಿಗೂ ಥ್ಯಾಂಕ್ಸ್. ಕೀಮೋ ನಡೆಯುವಾಗ ಅವೆಲ್ಲ ಬೇಡ ಅಂತ ಡಾಕ್ಟರ್ ಹೇಳಿದ್ದರು, ಹಾಗಾಗಿ ಕುಡಿಯಲಿಲ್ಲ. ಬೇಜಾರಾಗಿದ್ದರೆ ಆಗಲಿ.

ಇನ್ನೊಬ್ಬರ ಹೆಸರೂ ನನಗೆ ಗೊತ್ತಿಲ್ಲ. ಮುಳಬಾಗಿಲು ಕಡೆಯವರು, ಕನ್ನಡದಲ್ಲಿ ಅರ್ಧ ತೆಲುಗು. ಕೀಮೋ ವಾರ್ಡಿನಲ್ಲಿ ಪಕ್ಕದ ಕುರ್ಚಿ. ಆಪರೇಷನ್‌ನಲ್ಲಿ ಎದೆ ಪೂರ್ತಿ ತೆಗೆಯಬೇಕು ಅಂತ ನನಗೆ ಅವತ್ತೇ ಹೇಳಿದ್ದರು. ವರ್ಷಗಟ್ಟಲೆ ಊರಿನ ಹೆಂಗಸರ ಎದೆ ಅಳತೆ ತೆಗೆದವಳು ನಾನು. ನನ್ನ ಅಳತೆ ಇನ್ನು ಯಾರು ತೆಗೆಯುತ್ತಾರೆ ಅನ್ನುವ ಯೋಚನೆ ಬಂದು ಅಳು ತಡೆಯಲಾಗಲಿಲ್ಲ. ಅವರು ನನ್ನ ಕೈ ಹಿಡಿದು ಬಾತ್‌ರೂಮಿಗೆ ಕರೆದುಕೊಂಡು ಹೋದರು. ಸೆರಗು ಸರಿಸಿ ತಮ್ಮ ಗಾಯ ತೋರಿಸಿದರು. ಒಂದು ಅಡ್ಡ ಗೆರೆ, ಒಣಗಿದ್ದು. "ಚೂಡಮ್ಮಾ, ಇಂತೇ" ಅಂದರು, ನೋಡಮ್ಮ, ಇಷ್ಟೇ ಅಂತ. ನಾನು ಮನಸ್ಸಿನಲ್ಲಿ ಏನೇನೋ ಚಿತ್ರ ಕಟ್ಟಿಕೊಂಡಿದ್ದೆ. ಇದು ಅದ್ಯಾವುದೂ ಅಲ್ಲ. ಮುಟ್ಟಿ ನೋಡು ಅಂದರು, ಮುಟ್ಟಿದೆ. ಅವತ್ತು ರಾತ್ರಿ ಎಷ್ಟೋ ದಿನಗಳ ಮೇಲೆ ನಿದ್ದೆ ಬಂತು. ಅಮ್ಮಾ, ಇದನ್ನು ಯಾರಾದರೂ ನಿಮಗೆ ಓದಿ ಹೇಳಿದರೆ, ನನ್ನ ನಮಸ್ಕಾರ.

ಆಪರೇಷನ್ ಆದ ಮೇಲೆ, ಗಾಯದ ನೀರು ಹೊರಗೆ ಹೋಗಲು ಡ್ರೈನ್ ಪೈಪು ಹಾಕಿ ಮನೆಗೆ ಕಳಿಸಿದರು. ನನ್ನ ಹತ್ತಿರ ಹೊಲಿಗೆ ಕಲಿಯುವ ಹುಡುಗಿಯರಿಬ್ಬರು ಅದಕ್ಕೊಂದು ಹತ್ತಿ ಬಟ್ಟೆಯ ಚೀಲ ಹೊಲಿದು ತಂದರು, ಹೆಗಲಿಗೆ ಹಾಕಿಕೊಳ್ಳುವಂತೆ. ದಿನಾ ಎಷ್ಟು ಎಂಎಲ್ ಬಂತು ಅಂತ ಅಂಗಡಿಯ ಅಳತೆ ಪುಸ್ತಕದಲ್ಲೇ ಬರೆದಿಟ್ಟರು. ಗೋಡೆಯ ಮೇಲೆ ಬೆರಳು ಹತ್ತಿಸುವ ವ್ಯಾಯಾಮಕ್ಕೆ ಮಾರ್ಕಿಂಗ್ ಚಾಕಿನಲ್ಲಿ ಗೆರೆ ಎಳೆದು, ನಿನ್ನೆಗಿಂತ ಕೆಳಗೆ ನಿಂತರೆ ನನ್ನನ್ನೇ ಗದರಿದರು. ಅಂಗಡಿಯೂ ಅವರ ಕೈಯಲ್ಲೇ ನಡೆಯಿತು.

ಕೀಮೋ ಔಷಧಿಯಿಂದ ಬೆರಳ ತುದಿ ಜೋಮು ಹಿಡಿದಿತ್ತು. ಸೂಜಿಗೆ ದಾರ ಹಾಕಲೂ ಆಗುತ್ತಿರಲಿಲ್ಲ. ಪಕ್ಕದ ಮನೆ ಮೂರನೇ ಕ್ಲಾಸಿನ ಹುಡುಗ ಶಾಲೆಗೆ ಹೋಗುವ ಮುಂಚೆ ಬಂದು, ಬೇರೆ ಬೇರೆ ಬಣ್ಣದ ದಾರ ಹಾಕಿ ಸೂಜಿಗಳನ್ನು ಪಿನ್ ಕುಶನ್ನಿಗೆ ಚುಚ್ಚಿಟ್ಟು ಹೋಗುತ್ತಿದ್ದ. ಯಾರೂ ಹೇಳಿಕೊಟ್ಟಿದ್ದಲ್ಲ.

ಮಗಳು ಒಂದೇ ಪ್ರಶ್ನೆ ಕೇಳಿದಳು, "ನನಗೂ ಬರುತ್ತಾ?" ನನಗೆ ಉತ್ತರ ಗೊತ್ತಿರಲಿಲ್ಲ. ನಮ್ಮ ಡಾಕ್ಟರ್, ಹೊರಗೆ ಅಷ್ಟು ಸಾಲು ಇದ್ದರೂ, ಅವಳನ್ನು ಕೂರಿಸಿಕೊಂಡು ಮಾತಾಡಿದರು. ನೂರಕ್ಕೆ ಐದರಿಂದ ಹತ್ತು ಮಾತ್ರ ವಂಶದಿಂದ ಬರುವುದು ಅಂದರು, ನಿಮ್ಮ ಮನೆಯಲ್ಲಿ ಬೇರೆ ಯಾರಿಗಿದೆ ಅಂತೆಲ್ಲ ಕೇಳಿ ಬರೆದುಕೊಂಡರು. ಅವಳು ಅವತ್ತಿನಿಂದ ಮತ್ತೆ ಪಿಯುಸಿ ಪುಸ್ತಕ ತೆಗೆದಳು.

ರೇಡಿಯೇಷನ್ ಬಂದದ್ದು ಅವರೆಕಾಯಿ ಕಾಲದಲ್ಲಿ. ವಾರಕ್ಕೆ ಐದು ದಿನ ಬೆಂಗಳೂರು. ಬೆಳಗಿನ ರೈಲಿನ ಲೇಡೀಸ್ ಬೋಗಿಯ ಪಾಸ್ ಹೋಲ್ಡರ್ ಅಕ್ಕಂದಿರೇ, ಕಿಟಕಿ ಪಕ್ಕದ ಸೀಟು ನನಗೆ ಅಂತ ನೀವೇ ತೀರ್ಮಾನ ಮಾಡಿದಿರಿ. ಎಡಗಡೆಗೆ ಯಾರೂ ತಗುಲಬಾರದು ಅಂತ ಒಬ್ಬರು ಅಡ್ಡ ಕೂರುತ್ತಿದ್ದಿರಿ. ಅನುಕಂಪದ ಮಾತು ಒಂದೂ ಆಡದೆ ಮಡಿಲಿಗೆ ಅವರೆಕಾಯಿ ಸುರಿದು "ಸುಮ್ನೆ ಕೂತಿದ್ದೀಯಲ್ಲ, ಸುಲಿ" ಅಂದಿರಿ. ಅದರಷ್ಟು ಒಳ್ಳೆಯ ಔಷಧಿ ನನಗೆ ಯಾರೂ ಕೊಡಲಿಲ್ಲ.

ನಮ್ಮೆಜಮಾನರ ಬಗ್ಗೆ ಬರೆದರೆ ಅವರಿಗೆ ಇಷ್ಟ ಆಗುವುದಿಲ್ಲ. ಬಿಟ್ಟಿದ್ದೇನೆ.

ಯಾರ ಮನೆಯಲ್ಲಾದರೂ ಈ ಆಪರೇಷನ್ ಆಗುವುದಿದ್ದರೆ ಅಂಗಡಿಗೆ ಬನ್ನಿ. ಡ್ರೈನ್ ಚೀಲ ಹೊಲಿದಿಟ್ಟಿದ್ದೇನೆ. ಒಳಗೆ ಜೇಬಿರುವ, ಹತ್ತಿ ತುಂಬಿ ಎರಡೂ ಕಡೆ ಸಮ ಕಾಣುವ ಬ್ಲೌಸೂ ಹೊಲಿದುಕೊಡುತ್ತೇನೆ. ಇವಕ್ಕೆ ದುಡ್ಡಿಲ್ಲ. ಅಳತೆಗೆ ಸಂಕೋಚ ಇದ್ದರೆ ಮಧ್ಯಾಹ್ನ ಎರಡರ ಮೇಲೆ ಬನ್ನಿ, ಆಗ ನಾನೊಬ್ಬಳೇ ಇರುತ್ತೇನೆ. ಯುಗಾದಿಗೆ ಬ್ಲೌಸ್ ಕೊಟ್ಟಿರುವವರು ಸ್ವಲ್ಪ ತಡೆದುಕೊಳ್ಳಿ, ಎಡಗೈ ಇನ್ನೂ ಬೇಗ ದಣಿಯುತ್ತದೆ. ಲೈನಿಂಗ್ ಬಟ್ಟೆ ಮಾತ್ರ ನೀವೇ ತಂದುಕೊಡಿ.