ಒಂಬತ್ತು ಕಿಲೋ ಇಳಿದ ಅಪ್ಪಯ್ಯನಿಗೆ

ಗ್ಲಾಸ್ಗೋ
16 ನವೆಂಬರ್ 2025

ತೀರ್ಥರೂಪರಾದ ಅಪ್ಪಯ್ಯನವರ ಚರಣಗಳಿಗೂ ಮಾತೃಶ್ರೀ ಆಯಿಯ ಚರಣಗಳಿಗೂ ಶ್ರೀಪಾದನ ಸಾಷ್ಟಾಂಗ ನಮಸ್ಕಾರಗಳು. ನಾವು ಮೂವರೂ ಇಲ್ಲಿ ಕ್ಷೇಮವಾಗಿದ್ದೇವೆ. ಶಿರಸಿಯ ಕಡೆ ಮಳೆ ಪೂರ್ತಿ ನಿಂತು ಅಡಿಕೆ ಕೊಯ್ಲಿಗೆ ಅನುಕೂಲವಾಗಿರಬೇಕು ಎಂದುಕೊಂಡಿದ್ದೇನೆ.

ಕಳೆದ ಭಾನುವಾರ ಫೋನಿನಲ್ಲಿ ನೀವು, ತೂಕ 79ರಿಂದ 70 ಕಿಲೋಗೆ ಇಳಿಯಿತು, ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 8.1 ಇದ್ದದ್ದು 6.6 ಆಯಿತು, ಇನ್ನು ಕೆಲಸ ಮುಗಿದ ಹಾಗೆ ಎಂದಿರಿ. ಅರವತ್ತೆಂಟನೆಯ ವಯಸ್ಸಿನಲ್ಲಿ, ಮಳೆಗಾಲದಲ್ಲೂ ಜಗಲಿಯ ಮೇಲೆಯೇ ನಡೆದು ನೀವು ಇದನ್ನು ಸಾಧಿಸಿದ್ದಕ್ಕೆ ನನಗೆ ಆದ ಸಂತೋಷವನ್ನು ಬರೆದು ಮುಗಿಸಲಾರೆ. ಆದರೆ ಆ ಕೊನೆಯ ಮಾತು ನನ್ನ ತಲೆಯಲ್ಲಿ ಕೊರೆಯುತ್ತಲೇ ಇದೆ. ಫೋನಿನಲ್ಲಿ ಹೇಳಹೊರಟರೆ ನೀವು ನಡುವೆ ಅಡಿಕೆ ದರದ ಮಾತಿಗೆ ಜಾರುತ್ತೀರಿ. ಅದಕ್ಕಾಗಿಯೇ ಈ ಕಾಗದ.

ನನಗೆ 2020ರಲ್ಲಿ ಸಕ್ಕರೆ ಕಾಯಿಲೆ ಪತ್ತೆಯಾದಾಗ ನನ್ನ ತೂಕ 84 ಕಿಲೋ ಇತ್ತೆಂಬುದೂ, ಮುಂದಿನ ವರ್ಷದಲ್ಲಿ ಅದು 70ಕ್ಕೆ ಇಳಿದದ್ದೂ ನಿಮಗೆ ಗೊತ್ತು. ನಿಮಗೆ ಹೇಳದೆ ಉಳಿಸಿಕೊಂಡ ಸಂಗತಿಯೊಂದಿದೆ. 2024ರ ಮಾರಿಕಾಂಬಾ ಜಾತ್ರೆಗೆಂದು ಬಂದು ಐದು ವಾರ ಮನೆಯಲ್ಲಿದ್ದೆನಲ್ಲ, ಇಲ್ಲಿಗೆ ಮರಳಿದಾಗ ನಾಲ್ಕು ಕಿಲೋ ಏರಿತ್ತು. ರಜೆಯ ತೂಕ, ತಾನಾಗಿಯೇ ಇಳಿಯುತ್ತದೆ ಎಂದು ನಂಬಿ, ನಾಚಿಕೆಯಿಂದ ಆರು ತಿಂಗಳು ತೂಕದ ಯಂತ್ರದ ಮೇಲೆ ಕಾಲಿಡಲೇ ಇಲ್ಲ. ಕಾಲಿಟ್ಟ ದಿನ 77 ತೋರಿಸಿತು. ಖಾಲಿ ಹೊಟ್ಟೆಯ ಸಕ್ಕರೆ ಇಲ್ಲಿಯ ಮಿಲಿಮೋಲ್ ಲೆಕ್ಕದಲ್ಲಿ 7.4 ಇತ್ತು, ಅದನ್ನು 18ರಿಂದ ಗುಣಿಸಿದರೆ ನಮ್ಮೂರಿನ ಮಿಲಿಗ್ರಾಂ ಲೆಕ್ಕದಲ್ಲಿ 133. ಜಾತ್ರೆಯ ಊಟಕ್ಕಿಂತ ನನಗೆ ಹೆಚ್ಚು ಕೆಡುಕು ಮಾಡಿದ್ದು ಆ ಆರು ತಿಂಗಳ ಕಣ್ಣುಮುಚ್ಚಾಲೆ. ಈಗ ಮತ್ತೆ 72ಕ್ಕೆ ಬಂದಿದ್ದೇನೆ.

ತೂಕ ಹೀಗೆ ಮರಳಿ ಬರುವುದಕ್ಕೆ ನಾವು ಬಾಯಿಚಪಲವನ್ನು ಬೈಯುತ್ತೇವೆ. ಓದುತ್ತ ಹೋದಂತೆ ನನಗೆ ತಿಳಿದದ್ದು ಸ್ವಲ್ಪ ಬೇರೆ. ಮೂತ್ರದಲ್ಲಿ ಸಕ್ಕರೆ ಹೊರಹೋಗುವಂತೆ ಮಾಡುವ ಒಂದು ಬಗೆಯ ಮಾತ್ರೆಯಿದೆ. ಅದನ್ನು ನುಂಗುವವರಿಗೆ ದಿನವೂ ಇಷ್ಟು ಕ್ಯಾಲೊರಿ ಸೋರಿಹೋಗುತ್ತಿದೆ ಎಂಬುದು ಅರಿವಿಗೇ ಬರುವುದಿಲ್ಲ. ಅಂಥವರ ತೂಕವನ್ನು ಲೆಕ್ಕ ಹಾಕಿ ಅಮೆರಿಕದ ಕೆವಿನ್ ಹಾಲ್ ಮತ್ತು ಸಂಗಡಿಗರು 2016ರಲ್ಲಿ ಕಂಡುಕೊಂಡದ್ದೇನೆಂದರೆ, ದೇಹ ಕಳೆದುಕೊಂಡ ಪ್ರತಿ ಕಿಲೋಗೆ ದಿನದ ಖರ್ಚು 20ರಿಂದ 30 ಕ್ಯಾಲೊರಿಯಷ್ಟು ಕಡಿಮೆಯಾದರೆ, ಹಸಿವು ಸುಮಾರು 100 ಕ್ಯಾಲೊರಿಯಷ್ಟು ಹೆಚ್ಚುತ್ತದೆ. ಆಹಾರ ಪಥ್ಯದಲ್ಲಿಲ್ಲದ, ತೂಕ ಇಳಿಸಬೇಕೆಂಬ ಹಟವೂ ಇಲ್ಲದ ಜನರಲ್ಲೇ ಹೀಗೆ. ಒಂಬತ್ತು ಕಿಲೋ ಇಳಿದ ನಿಮ್ಮ ಹಸಿವು ಮೊದಲಿಗಿಂತ ಜೋರಾಗಿದ್ದರೆ ಅದರಲ್ಲಿ ನಿಮ್ಮ ತಪ್ಪಿಲ್ಲ, ಅಪ್ಪಯ್ಯ. ಆ ಹಸಿವು ಮುಂದೆಯೂ ಇರುತ್ತದೆಂದು ಒಪ್ಪಿಕೊಂಡು ವ್ಯವಸ್ಥೆ ಮಾಡಿಕೊಳ್ಳಬೇಕು.

ನಾನಿರುವ ಈ ಊರಿನ ವಿಶ್ವವಿದ್ಯಾಲಯದ ಮೈಕ್ ಲೀನ್ ಮತ್ತು ನ್ಯೂಕ್ಯಾಸಲ್‌ನ ರಾಯ್ ಟೇಲರ್ ಸೇರಿ ಡೈರೆಕ್ಟ್ ಎಂಬ ಅಧ್ಯಯನ ನಡೆಸಿದ್ದರು. ಲಿವರ್‌ನಲ್ಲಿಯೂ ಮೇದೋಜೀರಕ ಗ್ರಂಥಿಯಲ್ಲಿಯೂ ಸೇರಿಕೊಂಡ ಕೊಬ್ಬು ಕರಗಿದರೆ ಇನ್ಸುಲಿನ್ನಿನ ಕೆಲಸ ಮರಳಿ ಹಳಿಗೆ ಬರಬಹುದೆಂಬುದು ಅವರ ವಾದ. ತೂಕ ಇಳಿಸುವ ಗುಂಪಿನಲ್ಲಿದ್ದ 149 ಮಂದಿಯಲ್ಲಿ 68 ಮಂದಿ ಒಂದು ವರ್ಷದ ಕೊನೆಗೆ ಔಷಧಿಯಿಲ್ಲದೆಯೇ ಕಾಯಿಲೆಯ ಗೆರೆಗಿಂತ ಕೆಳಗಿದ್ದರು. ಎರಡನೆಯ ವರ್ಷದ ಕೊನೆಗೆ ಆ ಸಂಖ್ಯೆ 53. ಆಮೇಲೆ ವರ್ಷ ಕಳೆದಂತೆ ಅದು ಇನ್ನೂ ಇಳಿಯಿತು, ಏಕೆಂದರೆ ಬಹಳ ಮಂದಿಗೆ ತೂಕ ಮರಳಿತು. ತೂಕವನ್ನು ಇಳಿದಲ್ಲೇ ಹಿಡಿದಿಟ್ಟವರಿಗೇ ಹೆಚ್ಚಾಗಿ ಫಲ ಉಳಿಯಿತು. ಆ ಗುಂಪಿನವರು ಮೊದಲ ಮೂರು ತಿಂಗಳಿಂದ ಐದು ತಿಂಗಳವರೆಗೆ ದಿನಕ್ಕೆ ಸುಮಾರು 850 ಕ್ಯಾಲೊರಿಯ ಪುಡಿ ಪಾನೀಯಗಳನ್ನೇ ಕುಡಿದಿದ್ದರು ಎಂದು ಕೇಳಿ ನೀವು ಅದನ್ನು ಮನೆಯಲ್ಲಿ ಪ್ರಯೋಗಿಸಲು ಹೊರಡಬೇಡಿ. ಅಲ್ಲಿದ್ದವರು 65 ವರ್ಷದೊಳಗಿನವರು, ಕಾಯಿಲೆ ಬಂದು ಆರು ವರ್ಷ ದಾಟದವರು, ವೈದ್ಯರ ಕಣ್ಣಳತೆಯಲ್ಲಿದ್ದವರು.

ಆ ಅಧ್ಯಯನದ ಮುಂದುವರಿದ ಭಾಗದಿಂದ ನಾನು ಕದ್ದುಕೊಂಡ ಉಪಾಯ ಒಂದೇ: ಎರಡು ಕಿಲೋದ ಗೆರೆ. ತೂಕ ಎರಡು ಕಿಲೋಗಿಂತ ಹೆಚ್ಚು ಮರಳಿದವರಿಗೆ ಅವರು ಮತ್ತೆ ಕೆಲವು ವಾರಗಳ ಬಿಗಿ ಆಹಾರವನ್ನು ಕೊಡುತ್ತಿದ್ದರು. ನಿಮ್ಮ ಗೆರೆ 72 ಎಂದಿರಲಿ. ಪ್ರತಿ ಸೋಮವಾರ ಬೆಳಿಗ್ಗೆ ಸ್ನಾನಕ್ಕೆ ಮೊದಲು ತೂಕ ನೋಡಿ ಅಡಿಕೆ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಡಿ. ಒಂದು ಕಿಲೋ ಮೇಲೆ ಕೆಳಗೆ ಆದರೆ ತಲೆಕೆಡಿಸಿಕೊಳ್ಳಬೇಡಿ, ನೀರು ಉಪ್ಪಿನ ವ್ಯತ್ಯಾಸವೂ ಅಷ್ಟಾಗುತ್ತದೆ. 72 ಮುಟ್ಟಿದ ವಾರವೇ ಸಂಜೆಯ ತಿಂಡಿಯನ್ನೂ ರಾತ್ರಿಯ ಅನ್ನದ ಅರ್ಧವನ್ನೂ ಬಿಟ್ಟು, 70 ಬರುವವರೆಗೆ ಹಾಗೆಯೇ ಸಾಗಿಸಿ.

ಇನ್ನು ಆಯಿ, ಇದು ನಿನಗೆ. ಅಪ್ಪಯ್ಯನ ಪಥ್ಯಕ್ಕಾಗಿ ನೀನು ಓಟ್ಸ್ ತರಿಸಿದ್ದನ್ನು ಕೇಳಿ ನನಗೆ ನಗು ಬಂತು. ನಾನು ಇಲ್ಲಿ ಅದನ್ನು ತಿಂದು ಬೇಸತ್ತಿದ್ದೇನೆ. ವರ್ಷಗಟ್ಟಲೆ ನಡೆಯಬೇಕಾದ ಊಟ ನಿನ್ನ ಒಲೆಯ ಮೇಲಿನದೇ ಆಗಿರಬೇಕು. ಪರಕೀಯ ಪಥ್ಯ ಮೂರು ತಿಂಗಳಲ್ಲಿ ಬೇಸರ ತರಿಸುತ್ತದೆ. ಒಂದೆಲಗದ ತಂಬುಳಿ, ಅಪ್ಪೆಹುಳಿ, ತೊಂಡೆಕಾಯಿ ಪಲ್ಯ, ಹೆಸರುಕಾಳಿನ ಉಸುಳಿ, ನೀರು ಮಜ್ಜಿಗೆ ಇವೆಲ್ಲ ಇರುವ ಮನೆಯಲ್ಲಿ ಬದಲಾಗಬೇಕಾದದ್ದು ಅಳತೆ ಮತ್ತು ಕ್ರಮ. ಬಾಳೆ ಎಲೆಯ ಮೇಲೆ ಕೋಸಂಬರಿಯೂ ಪಲ್ಯವೂ ಅನ್ನಕ್ಕಿಂತ ಮೊದಲೇ ಬಂದು ಕುಳಿತಿರುತ್ತವೆ, ನಾವು ಮಾತ್ರ ಅವನ್ನು ಮುಟ್ಟದೆ ಅನ್ನಕ್ಕೆ ಕಾಯುತ್ತೇವೆ. ತರಕಾರಿಯನ್ನೂ ಕಾಳನ್ನೂ ಮೊದಲು ತಿಂದು ಅನ್ನವನ್ನು ಕೊನೆಗಿಟ್ಟರೆ, ಅದೇ ಊಟದಿಂದ ಏರುವ ಸಕ್ಕರೆ ಕಡಿಮೆಯಾಗುತ್ತದೆಂದು ಪರೀಕ್ಷೆಗಳು ತೋರಿಸಿವೆ. ನನ್ನದೇ ಬೆರಳು ಚುಚ್ಚಿ ನೋಡಿಕೊಂಡಿದ್ದೇನೆ, ನಿಜ.

ಅನ್ನದ ಲೆಕ್ಕ ಹೀಗಿದೆ. ಬೆಂದ ಅನ್ನ 100 ಗ್ರಾಂ ಎಂದರೆ ಸುಮಾರು 130 ಕ್ಯಾಲೊರಿ, 28 ಗ್ರಾಂ ಪಿಷ್ಟ. ಹುಳಿಗೊಮ್ಮೆ, ಸಾರಿಗೊಮ್ಮೆ, ಮಜ್ಜಿಗೆಗೊಮ್ಮೆ ಎಂದು ಮೂರು ಸಲ ಬಡಿಸಿಕೊಳ್ಳುವ ಅಪ್ಪಯ್ಯನಿಗೆ 400 ಗ್ರಾಂ ಆಗುವುದು ಕಷ್ಟವಲ್ಲ. ಕುಚ್ಚಲಕ್ಕಿ ಬೆಳ್ತಿಗೆ ಅಕ್ಕಿಗಿಂತ ತುಸು ನಿಧಾನವಾಗಿ ಕರಗುತ್ತದೆ ಎಂಬುದು ಸರಿ, ಆದರೆ ಮೂರು ಬಡಿಕೆಯ ಮುಂದೆ ಆ ಅಂತರ ಉಳಿಯುವುದಿಲ್ಲ. ಒಂದು ಚಿಕ್ಕ ಬಟ್ಟಲನ್ನು ಅನ್ನದ ಅಳತೆಗೆಂದೇ ತೆಗೆದಿಡು, ಮೂರು ಪದಾರ್ಥಕ್ಕೂ ಆ ಒಂದೇ ಬಟ್ಟಲನ್ನು ಹಂಚಿಕೊಳ್ಳಲಿ. ಹೊಟ್ಟೆ ತುಂಬಲು ಪಲ್ಯ, ಹಸಿ, ಕಾಳು ಎಷ್ಟಾದರೂ ಇರಲಿ. ಕಾಳು ಇನ್ನೊಂದು ಕಾರಣಕ್ಕೂ ಬೇಕು: ಈ ವಯಸ್ಸಿನಲ್ಲಿ ತೂಕ ಇಳಿದಾಗ ಕೊಬ್ಬಿನ ಜೊತೆಗೆ ಮಾಂಸಖಂಡವೂ ಕರಗುತ್ತದೆ, ಮರಳಿ ಬರುವಾಗ ಹೆಚ್ಚಾಗಿ ಕೊಬ್ಬೇ ಬರುತ್ತದೆ. ಅಪ್ಪಯ್ಯ ಕುರ್ಚಿಯಿಂದ ಕೈಯೂರದೆ ದಿನಕ್ಕೆ ಇಪ್ಪತ್ತು ಸಲ ಎದ್ದು ಕೂರಲಿ, ಊಟವಾದ ಮೇಲೆ ಹತ್ತು ನಿಮಿಷ ತೋಟದ ದಾರಿಯಲ್ಲಿ ನಡೆದು ಬರಲಿ.

ಎರಡು ಭ್ರಮೆಗಳು ನಮ್ಮ ಮನೆಯಲ್ಲಿ ಗಟ್ಟಿಯಾಗಿ ಕುಳಿತಿವೆ. ಜೋನಿಬೆಲ್ಲ ಮನೆಯದ್ದು, ಆದ್ದರಿಂದ ನಂಜಲ್ಲ ಎಂಬುದು ಒಂದು. ಅದರೊಳಗೆ ಇರುವುದೂ ಸಕ್ಕರೆಯೇ, ರಕ್ತಕ್ಕೆ ಆಲೆಮನೆಯ ಪರಿಚಯವಿಲ್ಲ. ತೆಂಗಿನಕಾಯಿ ಸಕ್ಕರೆ ಏರಿಸುವುದಿಲ್ಲ, ಆದ್ದರಿಂದ ಎಷ್ಟಾದರೂ ಆಗಬಹುದು ಎಂಬುದು ಇನ್ನೊಂದು. ಕೂಡಲೇ ಏರಿಸದು, ನಿಜ. ಆದರೆ ಹಸಿ ಕಾಯಿತುರಿ 100 ಗ್ರಾಮಿಗೆ 350 ಕ್ಯಾಲೊರಿಯಷ್ಟಿದೆ, ತೂಕದ ದಾರಿಯಿಂದ ಬಂದು ಸಕ್ಕರೆಯನ್ನು ಕೆಡಿಸುತ್ತದೆ. ಕಾಯಿ ಬಿಡಬೇಕೆಂದು ಹೇಳುವಷ್ಟು ಧೈರ್ಯ ನನಗಿಲ್ಲ, ಅರ್ಧ ಮಾಡಿದರೆ ಸಾಕು.

ಮಾತ್ರೆಯ ವಿಷಯದಲ್ಲಿ ಮಾತ್ರ ಉದಾಸೀನ ಮಾಡಬೇಡಿ. ನೀವು ನುಂಗುತ್ತಿರುವ ಎರಡರಲ್ಲಿ ಗ್ಲಿಮೆಪಿರೈಡ್ ಎಂಬುದು, ಊಟ ಕಡಿಮೆಯಾದ ದಿನವೂ ತನ್ನ ಕೆಲಸವನ್ನು ಬಿಡದೆ ಮಾಡಿ ಸಕ್ಕರೆಯನ್ನು ತೀರ ಕೆಳಗಿಳಿಸಬಲ್ಲದು. ಇಷ್ಟು ತೂಕ ಇಳಿದ ಮೇಲೂ ಹಳೆಯ ಪ್ರಮಾಣವೇ ಬೇಕೇ ಎಂದು ಈ ವಾರವೇ ಡಾಕ್ಟರರನ್ನು ಕೇಳಿ. ನೀವಾಗಿಯೇ ಬಿಡಬೇಡಿ, ಏಕಾದಶಿಯ ಉಪವಾಸವನ್ನೂ ಅವರನ್ನು ಕೇಳದೆ ಮಾಡಬೇಡಿ. ತೋಟದಲ್ಲಿದ್ದಾಗ ಕೈ ನಡುಗಿ ತಣ್ಣನೆಯ ಬೆವರು ಬಂದರೆ, ಅಥವಾ ಸಕ್ಕರೆ 70ಕ್ಕಿಂತ ಕೆಳಗಿದ್ದರೆ, ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿದು, ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಆ ಹೊತ್ತಿಗೆ ಪಥ್ಯ ನೆನೆಯುತ್ತ ಕೂರಬಾರದು. ಕೊಯ್ಲಿನ ದಿನಗಳಲ್ಲಿ ಜೇಬಿನಲ್ಲೊಂದು ಸಕ್ಕರೆ ಪೊಟ್ಟಣ ಇರಲಿ.

ಮನೆಯೊಳಗಿನದು ಇಷ್ಟಾದರೂ ನಡೆದೀತು, ಹೊರಗಿನದೇ ಕಷ್ಟ. ಯಾರ ಮನೆಗೆ ಹೋದರೂ ಆಸರಿ, ಅಂದರೆ ಕುಡಿಯಲು ಏನು ಬೇಕು, ಎಂದು ಕೇಳದೆ ಬಿಡುವುದಿಲ್ಲ. ದಿನಕ್ಕೆ ಐದು ಲೋಟ ಚಾ, ಲೋಟಕ್ಕೆ ಎರಡು ಚಮಚ ಸಕ್ಕರೆ ಎಂದು ಹಿಡಿದರೂ 40 ಗ್ರಾಂ ದಾಟುತ್ತದೆ. ಮಜ್ಜಿಗೆ ಕೇಳಿ ಕುಡಿಯಿರಿ, ನಮ್ಮ ಕಡೆ ಮಜ್ಜಿಗೆ ಇಲ್ಲದ ಮನೆಯಿಲ್ಲ. ಕೊಯ್ಲು ಮುಗಿದೊಡನೆ ಮದುವೆ, ಉಪನಯನಗಳ ಕಾಲ ಬರುತ್ತದೆ. ಅಲ್ಲಿ ಹೋಳಿಗೆ ಬಡಿಸುವವರು ಎಲೆಗೆ ಅಡ್ಡ ಹಿಡಿದ ಕೈಯ ಮೇಲೂ ಹಾಕಿ ಹೋಗುವವರು. ಒಂದು ಹೋಳಿಗೆ ತಿನ್ನಿ, ಆ ದಿನದ ಅನ್ನವನ್ನು ಅದಕ್ಕೆ ತಕ್ಕಂತೆ ಬಿಡಿ, ಮರುದಿನ ಎಂದಿನಂತೆ ಇರಿ. ಸೊರಗಿಹೋದಿರಲ್ಲ, ಏನಾದರೂ ದೊಡ್ಡ ಕಾಯಿಲೆಯೇ ಎಂದು ಕೇಳುವವರಿಗೆ ನಾನು ಈಗ ಉತ್ತರಿಸುವುದನ್ನೇ ಬಿಟ್ಟಿದ್ದೇನೆ. ದೊಡ್ಡಪ್ಪ ಕೇಳಿದರೆ ಮಾತ್ರ ಅವರ ಸೊಂಟವನ್ನೂ ಒಂದು ಟೇಪಿನಿಂದ ಅಳೆದುಬಿಡಿ. ನಮ್ಮ ಕಡೆಯ ಗಂಡಸರಿಗೆ 90 ಸೆಂಟಿಮೀಟರ್ ದಾಟಿದರೆ ಎಚ್ಚರಿಕೆ ಎಂದು ಲೆಕ್ಕ. ಅವರದು ನೂರು ದಾಟೀತೆಂಬುದು ನನ್ನ ಊಹೆ.

ಬರುವ ಜಾತ್ರೆಗೆ ನಾವು ಮೂವರೂ ಬರುತ್ತಿದ್ದೇವೆ, ಟಿಕೆಟ್ ಆಗಿದೆ. ಬಂದ ದಿನ ಮತ್ತು ಹೊರಡುವ ದಿನ ನಾನೂ ಅಪ್ಪಯ್ಯನೂ ಒಟ್ಟಿಗೆ ತೂಕ ನೋಡಿಕೊಂಡು ಅದೇ ಪುಸ್ತಕದಲ್ಲಿ ಬರೆಯೋಣ, ಈ ಸಲ ನಾನು ತಪ್ಪಿಸಿಕೊಳ್ಳುವುದಿಲ್ಲ. ಆಯಿ, ತೊಡೆದೇವು ಮಾಡಿಸುವುದಾದರೆ ನನಗೆ ಎರಡು, ಅಪ್ಪಯ್ಯನಿಗೆ ಎರಡು ಎಣಿಸಿ ತೆಗೆದಿಟ್ಟು, ಉಳಿದ ಡಬ್ಬಿಯನ್ನು ನಾವು ಬರುವ ಮೊದಲೇ ಅಕ್ಕನ ಮನೆಗೆ ಕಳಿಸಿಬಿಡು.

ಇತಿ ನಿಮ್ಮ ಮಗ,
ಶ್ರೀಪಾದ