ಬ್ಯಾಟರಿ ಕೇಳಿದರೆ ಹೊಸ ಮೊಬೈಲ್ ತೋರಿಸಿದ ಬಗ್ಗೆ ದೂರು

ಗೆ,
ಮುಖ್ಯಸ್ಥರು, ಗ್ರಾಹಕ ದೂರು ವಿಭಾಗ

ಮಾನ್ಯರೇ,

ನಾಲ್ಕು ವರ್ಷದ ಹಿಂದೆ ಕೊಂಡ ನಿಮ್ಮ ಮೊಬೈಲ್ ಒಂದು ದಿನವೂ ಕೈಕೊಟ್ಟದ್ದಿಲ್ಲ. ಬ್ಯಾಟರಿ ಮಾತ್ರ ಸೋತಿದೆ; ಬೆಳಗಿನ ಚಾರ್ಜ್ ಮಧ್ಯಾಹ್ನದ ಊಟದ ಹೊತ್ತಿಗೆ ಖಾಲಿ. ಲಿಥಿಯಂ ಅಯಾನ್ ಬ್ಯಾಟರಿ ನೂರಾರು ಸಲ ಚಾರ್ಜ್ ಆದ ಮೇಲೆ ಸೊರಗುವುದು ಸಹಜ, ಅದಕ್ಕೆ ನಿಮ್ಮನ್ನು ದೂರುವುದಿಲ್ಲ. ಹೊಸದು ಹಾಕಿಸಿ ಬ್ರಹ್ಮಾವರದಲ್ಲಿರುವ ಅಮ್ಮನಿಗೆ ಕೊಡೋಣವೆಂದು ಉಡುಪಿಯ ನಿಮ್ಮ ಅಧಿಕೃತ ಸೇವಾ ಕೇಂದ್ರಕ್ಕೆ ಹೋದೆ.

"ಈ ಮಾಡೆಲಿಗೆ ಬ್ಯಾಟರಿ ಬರುವುದಿಲ್ಲ" ಎಂದರು. ತೆರೆದೂ ನೋಡಲಿಲ್ಲ. ಹಳೆಯದಕ್ಕೆ 800 ರೂಪಾಯಿ ಕಳೆದು ಹೊಸದು ಕೊಡುವ ಕರಪತ್ರವನ್ನು ಕೈಗಿತ್ತರು. ಹಳೆಯದು ಎಲ್ಲಿಗೆ ಹೋಗುತ್ತದೆ ಎಂದರೆ "ಕಂಪನಿಗೆ" ಎಂದಷ್ಟೇ ಉತ್ತರ.

ಸರ್ವಿಸ್ ಬಸ್ ನಿಲ್ದಾಣದ ಬಳಿಯ ಪುಟ್ಟ ಅಂಗಡಿಯ ಹುಡುಗ 1,100 ರೂಪಾಯಿಗೆ ಅರ್ಧ ಗಂಟೆಯಲ್ಲಿ ಬೇರೆ ಬ್ಯಾಟರಿ ಹಾಕಿಕೊಟ್ಟ. ಈಗ ಚಾರ್ಜ್ ರಾತ್ರಿಯವರೆಗೂ ನಿಲ್ಲುತ್ತದೆ. ಆದರೆ ಆನ್ ಮಾಡಿದಾಗಲೆಲ್ಲ ಬ್ಯಾಟರಿ ಅಸಲಿಯಲ್ಲ ಎಂಬ ಎಚ್ಚರಿಕೆ ಪರದೆ ತುಂಬ ಬರುತ್ತದೆ. ಎಪ್ಪತ್ತೆರಡರ ಅಮ್ಮ ಅದು ಸಿಡಿಯುತ್ತದೆಂದೇ ನಂಬಿ ಅಕ್ಕಿ ಡಬ್ಬದ ಮೇಲಿಟ್ಟಿದ್ದಾರೆ. ಮೊಮ್ಮಗಳು ಕರೆ ಮಾಡಿದರೂ ಮುಟ್ಟುವುದಿಲ್ಲ. ಅಸಲಿಯನ್ನು ನೀವು ಮಾರುವುದಿಲ್ಲ, ಬೇರೆಯದು ಹಾಕಿಸಿದರೆ ಬೆದರಿಸುತ್ತೀರಿ.

ಮಳೆಗಾಲಕ್ಕೆ ಮೊದಲು ರಸ್ತೆಬದಿ ಕೂತು ಕೊಡೆ ರಿಪೇರಿ ಮಾಡುವವರು ನಮ್ಮೂರಲ್ಲಿ ಇನ್ನೂ ಇದ್ದಾರೆ. ಈ ಕೊಡೆಗೆ ಕಡ್ಡಿ ಬರುವುದಿಲ್ಲ, ಹೊಸದು ಕೊಳ್ಳಿ ಎಂದು ಅವರಲ್ಲಿ ಯಾರೂ ಹೇಳಿದ್ದಿಲ್ಲ.

ನಿಮ್ಮ ಡಬ್ಬಿಯ ಮೇಲೆ ಹಸಿರು ಎಲೆಯ ಚಿತ್ರವಿದೆ. ಮೊಬೈಲೊಂದು ತನ್ನ ಆಯುಷ್ಯದಲ್ಲಿ ಗಾಳಿಗೆ ಸೇರಿಸುವ ಇಂಗಾಲದ ಬಹುಪಾಲು ಗಣಿಗಾರಿಕೆ, ಚಿಪ್ ಮತ್ತು ಪರದೆಯ ತಯಾರಿಕೆಯಲ್ಲೇ ಆಗಿಹೋಗಿರುತ್ತದೆ. ನಮ್ಮ ಮನೆಯ ಚಾರ್ಜರಿನ ಪಾಲು ಅದರ ಮುಂದೆ ಚಿಕ್ಕದು. ಅಂದ ಮೇಲೆ ಇನ್ನೂ ನಾಲ್ಕು ವರ್ಷ ಬಾಳಬಲ್ಲದ್ದನ್ನು ಕಸಕ್ಕೆ ಹಾಕಿಸಿ ಎಲೆ ಅಚ್ಚು ಹಾಕಿದರೆ ಏನು ಬಂತು? 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ತಯಾರಕರ ಮೇಲೆ ಹೊರಿಸಿದ ಹೊಣೆ ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ನನಗೆ ಪುಕ್ಕಟೆ ಏನೂ ಬೇಡ. ಅಸಲಿ ಬ್ಯಾಟರಿ ತರಿಸಿಕೊಡಿ, ಬೆಲೆ ಕೊಡುತ್ತೇನೆ. ಎಚ್ಚರಿಕೆಯೇ ಬೇಡವೆಂದಲ್ಲ, ಒಮ್ಮೆ ತೋರಿಸಿ ಸುಮ್ಮನಾಗುವಂತೆ ಮಾಡಿ. ವಿನಿಮಯದಲ್ಲಿ ಪಡೆದ ಮೊಬೈಲುಗಳು ಏನಾಗುತ್ತವೆ ಎಂಬುದನ್ನು ಬರವಣಿಗೆಯಲ್ಲಿ ತಿಳಿಸಿ. 15 ದಿನಗಳಲ್ಲಿ ಉತ್ತರ ಬಾರದಿದ್ದರೆ 1915 ಗ್ರಾಹಕ ಸಹಾಯವಾಣಿಗೂ, ಬಳಿಕ ಜಿಲ್ಲಾ ಗ್ರಾಹಕ ಆಯೋಗಕ್ಕೂ ದೂರು ಕೊಡುತ್ತೇನೆ.

ಖರೀದಿ ರಸೀದಿ, ಎಚ್ಚರಿಕೆ ಮೂಡಿದ ಪರದೆಯ ಚಿತ್ರ ಲಗತ್ತಿಸಿದ್ದೇನೆ.

ಇತಿ,
ನಿಮ್ಮ ಗ್ರಾಹಕಿ
ಕಡಿಯಾಳಿ, ಉಡುಪಿ